ಬರಿಗಾಲಿನ ಪಾದ್ರಿ ಜೋಸೆಫ್ ವಾಜ್



ನಮ್ಮ ಭಿತ್ತಿಪತ್ರಿಕೆಯಲ್ಲಿ ಈ ಸಲದ ಮಹನೀಯರ ಜೀವನ ಜೋಸೆಫ್ ವಾಜ್ ಅವರದು. ಹೆಸರು ನೋಡಿದ ಕೂಡಲೇ ಇದು ಇಗರ್ಜಿಗೆ ಹೋಗುವವರು ಮಾತ್ರ ಓದುವಂಥದ್ದು ಅಂತ ಯಾರಾದರೂ ಮುಂದೆ ಹೋಗಿಬಿಡಬಹುದು. ದಯವಿಟ್ಟು ನಿಂತು ಪೂರ್ತಿ ಓದಿ. ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆ ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರು ಇದ್ದಾರಲ್ಲ, ಅವರಲ್ಲಿ ಬಹಳ ಜನರ ಅಜ್ಜ ಮುತ್ತಜ್ಜಂದಿರು ಕಾಫಿ ತೋಟದ ಕೆಲಸಕ್ಕೆ ಅಂತ ಮಂಗಳೂರು ಸೀಮೆಯಿಂದ ಘಟ್ಟ ಹತ್ತಿ ಬಂದವರು. ಅದಕ್ಕೂ ಹಿಂದೆ ಅವರ ಪೂರ್ವಜರು ಗೋವಾದಿಂದ ಕರಾವಳಿಗೆ ಇಳಿದು ಬಂದಿದ್ದರು. ಆ ಹಳೆಯ ಕಾಲದಲ್ಲಿ ಕರಾವಳಿಯ ಊರೂರು ನಡೆದು, ಅವರ ಕಷ್ಟಸುಖ ವಿಚಾರಿಸಿದ ಒಬ್ಬ ಪಾದ್ರಿಯ ಕಥೆ ಇದು. ಬಾಬಾ ಬುಡನ್ ನಮ್ಮ ಗಿರಿಗೆ ಕಾಫಿ ಬೀಜ ತಂದರು ಅಂತ ಹೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ಶತಮಾನ.

ಜೋಸೆಫ್ ವಾಜ್ ಹುಟ್ಟಿದ್ದು 1651ನೇ ಇಸವಿ ಏಪ್ರಿಲ್ 21ರಂದು, ಗೋವಾದ ಬೆನಾವಲಿಯಲ್ಲಿ. ಅದು ತಾಯಿಯ ಊರು. ತಂದೆಯ ಊರು ಸಾಂಕ್ವಾಳ. ತಂದೆ ಕ್ರಿಸ್ತೊವಾವ್ ವಾಜ್, ತಾಯಿ ಮರಿಯಾ ಡಿ ಮಿರಾಂಡಾ. ಮನೆಮಾತು ಕೊಂಕಣಿ. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಹುಡುಗ ಸಾಂಕ್ವಾಳದ ಶಾಲೆಯಲ್ಲಿ ಪೋರ್ಚುಗೀಸ್ ಕಲಿತ, ಬೆನಾವಲಿಯಲ್ಲಿ ಲ್ಯಾಟಿನ್ ಕಲಿತ. ಆಮೇಲೆ ಗೋವಾ ಪಟ್ಟಣಕ್ಕೆ ಹೋಗಿ ದೊಡ್ಡ ವಿದ್ಯೆಯನ್ನೆಲ್ಲ ಮುಗಿಸಿದ. 1676ರಲ್ಲಿ ಗುರುದೀಕ್ಷೆ ಆಯಿತು. ಇಲ್ಲಿಂದ ಮುಂದೆ ಅವರು ಫಾದರ್ ವಾಜ್.

ಪಾದ್ರಿ ಆದರೆ ಆ ಕಾಲದಲ್ಲಿ ಸಣ್ಣ ಗೌರವವಲ್ಲ. ಆದರೆ ವಾಜ್ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಕಾಲಿನ ಜೋಡು ಬಿಟ್ಟರು. ಊರಿನ ಬಡವರು ಬರಿಗಾಲಲ್ಲಿ ನಡೀತಾರೆ, ತಾನೂ ಹಾಗೇ ನಡೆಯುವುದು ಅಂತ ತೀರ್ಮಾನ ಮಾಡಿಕೊಂಡರು. ಬರಿಗಾಲು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ ತಿಂಗಳಲ್ಲಿ ತೋಟದ ಒಳದಾರಿಯಲ್ಲಿ ಉಂಬಳ ಹತ್ತಿಸಿಕೊಂಡು ಶಾಲೆಗೆ ಬಂದವರಿಗೆ ಅದು ಚೆನ್ನಾಗಿ ಗೊತ್ತು. ತೋಟದಲ್ಲಿ ಯಾರು ದೊರೆ, ಯಾರು ರೈಟರು, ಯಾರು ಆಳು ಅಂತ ಮುಖ ನೋಡದೆ ಕಾಲು ನೋಡಿಯೇ ಹೇಳುತ್ತಿದ್ದ ಕಾಲವಿತ್ತು ಅಂತ ಅಜ್ಜಂದಿರು ಹೇಳುತ್ತಾರೆ. ಗೋವಾದಲ್ಲೂ ಹಾಗೇ ಇದ್ದಿರಬೇಕು. ಓದಿದ ಮನುಷ್ಯ, ಒಳ್ಳೇ ಮನೆತನದವನು, ಬೇಕಂತಲೇ ಆಳುಗಳ ಸಾಲಿಗೆ ಕಾಲಿಟ್ಟ.

ಅವರ ಪ್ರವಚನ ಕೇಳಲು ಜನ ಸೇರುತ್ತಿದ್ದರು. ಪಾಪನಿವೇದನೆಗೆ, ಅಂದರೆ ತಮ್ಮ ತಪ್ಪುಗಳನ್ನು ಗುರುವಿನ ಹತ್ತಿರ ಹೇಳಿಕೊಳ್ಳಲು, ದೊಡ್ಡದೊಡ್ಡವರೇ ಇವರನ್ನು ಹುಡುಕಿಕೊಂಡು ಬರುತ್ತಿದ್ದರು. ಹೆಸರು ಬೆಳೆಯುತ್ತಾ ಇತ್ತು. 1677ರ ಆಗಸ್ಟ್ 5ರಂದು ಅವರು ಒಂದು ಪತ್ರ ಬರೆದರು. ತಾನು ಇನ್ನು ಮುಂದೆ ಯೇಸುವಿನ ತಾಯಿ ಮರಿಯಮ್ಮನವರ ಗುಲಾಮ ಅಂತ ಬರೆದು ಸಹಿ ಹಾಕಿದ ದಾಸ್ಯಪತ್ರ ಅದು. ಈಗ ಓದಿದರೆ ಭಕ್ತಿಯ ಮಾತು ಅಂತ ಸುಮ್ಮನಾಗುತ್ತೇವೆ. ಆದರೆ ಅದು ಗೋವಾದ ಪೇಟೆಯಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದ ಕಾಲ. ಗುಲಾಮ ಅಂದರೆ ಯಾರು, ಅವನ ಬಾಳು ಏನು ಅಂತ ಬೀದಿಯಲ್ಲೇ ಕಾಣುತ್ತಿತ್ತು. ಅಂಥ ಕಡೆ ನಿಂತು ಆ ಪದವನ್ನೇ ತನಗೆ ಬರೆದುಕೊಳ್ಳಬೇಕಾದರೆ ಗಟ್ಟಿ ಮನಸ್ಸು ಬೇಕು.

ಅಷ್ಟರಲ್ಲಿ ಅವರಿಗೆ ಒಂದು ಸುದ್ದಿ ಸಿಕ್ಕಿತ್ತು. ಸಿಂಹಳದಲ್ಲಿ, ಈಗಿನ ಶ್ರೀಲಂಕಾದಲ್ಲಿ, ಡಚ್ಚರು 1658ರಲ್ಲಿ ಪೋರ್ಚುಗೀಸರನ್ನು ಪೂರ್ತಿ ಓಡಿಸಿದ್ದರು. ಡಚ್ಚರೂ ಕ್ರೈಸ್ತರೇ, ಆದರೆ ಬೇರೆ ಪಂಥ. ಅವರಿಗೆ ಕಥೋಲಿಕರನ್ನು ಕಂಡರೆ ಆಗುತ್ತಿರಲಿಲ್ಲ. ಪಾದ್ರಿಗಳನ್ನೆಲ್ಲ ಹೊರಗೆ ಹಾಕಿದರು. ಯಾರಾದರೂ ಕಥೋಲಿಕ ಪಾದ್ರಿಗೆ ಮನೆಯಲ್ಲಿ ಜಾಗ ಕೊಟ್ಟರೆ ಮರಣದಂಡನೆ ಅಂತ ಆಜ್ಞೆ ಹೊರಡಿಸಿದರು. ಅಲ್ಲಿನ ಕಥೋಲಿಕರಿಗೆ ಮಗುವಿಗೆ ದೀಕ್ಷಾಸ್ನಾನ ಕೊಡಿಸಲು, ಮದುವೆ ಮಾಡಿಸಲು, ಸಾಯುವವರ ತಲೆದೆಸೆಯಲ್ಲಿ ನಿಂತು ಪ್ರಾರ್ಥಿಸಲು ಒಬ್ಬ ಗುರು ಇರಲಿಲ್ಲ. ಇದನ್ನು ಕೇಳಿದ ಮೇಲೆ ವಾಜ್ ಅವರಿಗೆ ಗೋವಾದ ಹೆಸರು, ಮರ್ಯಾದೆ ಯಾವುದೂ ರುಚಿಸಲಿಲ್ಲ. ಸಿಂಹಳಕ್ಕೆ ಹೋಗಬೇಕು ಅನ್ನುವುದೊಂದೇ ತಲೆಯಲ್ಲಿ ಕೂತಿತು.

ಆದರೆ ಮೇಲಿನವರು ಅವರನ್ನು ಕಳಿಸಿದ್ದು ಸಿಂಹಳಕ್ಕಲ್ಲ, ನಮ್ಮ ಕನ್ನಡ ಕರಾವಳಿಗೆ. 1681ರಲ್ಲಿ ಕೆನರಾ ಸೀಮೆಯ ಕ್ರೈಸ್ತರನ್ನು ನೋಡಿಕೊಳ್ಳುವ ಮುಖ್ಯಸ್ಥನಾಗಿ ಹೋಗು ಅಂತ ಹೇಳಿದರು. ತನಗೆ ಬೇಕಾದದ್ದು ಅದಲ್ಲ ಅಂತ ಅವರು ಮುಖ ಊದಿಸಿಕೊಳ್ಳಲಿಲ್ಲ, ಹೊರಟರು. ನನಗೆ ಈ ಭಾಗ ಬಹಳ ಮುಖ್ಯ ಅನಿಸುತ್ತದೆ. ತಾನು ಯಾತಕ್ಕೆ ಹುಟ್ಟಿದ್ದೇನೆ ಅಂತ ಗೊತ್ತಾದ ಮೇಲೂ ಬೇರೆ ಕೆಲಸವನ್ನು ಮನಸ್ಸಿಟ್ಟು ಮಾಡುವುದು ಸುಲಭ ಅಲ್ಲ.

ಆಗ ಕರಾವಳಿ ಕೆಳದಿ ಸಂಸ್ಥಾನಕ್ಕೆ ಸೇರಿತ್ತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮ ಅಂತ ಪಾಠದಲ್ಲಿ ಓದಿದ್ದೇವಲ್ಲ, ಅವರೇ ಆಳುತ್ತಿದ್ದರು. ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಕಲ್ಯಾಣಪುರ, ಮಂಗಳೂರು ಹೀಗೆ ವಾಜ್ ತಿರುಗಿದರು. ಗೋವಾದಿಂದ ಮಂಗಳೂರಿಗೆ 300 ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಕಾಳಿ, ಶರಾವತಿ ಅಂತ ಎಷ್ಟು ಹೊಳೆಗಳು ಸಮುದ್ರ ಸೇರುತ್ತವೆ, ನಕ್ಷೆ ತೆಗೆದು ನೋಡಿ. ಒಂದಕ್ಕೂ ಸೇತುವೆ ಇರಲಿಲ್ಲ. ದೋಣಿ ಸಿಕ್ಕರೆ ದೋಣಿ, ಇಲ್ಲದಿದ್ದರೆ ಕಾದು ಕೂರುವುದು. ಬಿದ್ದುಹೋಗಿದ್ದ ಇಗರ್ಜಿಗಳನ್ನು ಎಬ್ಬಿಸಿದರು, ಮಕ್ಕಳಿಗೆ ಸಣ್ಣಸಣ್ಣ ಶಾಲೆ ನಡೆಸಿದರು. ಮಂಗಳೂರಿನ ಹತ್ತಿರ ಮುಡಿಪು ಅಂತ ಊರಿದೆ. ಅಲ್ಲಿನ ಗುಡ್ಡದಲ್ಲಿ ಅವರು ಪ್ರಾರ್ಥಿಸಿದಾಗ ಬಂಡೆಯಿಂದ ನೀರು ಚಿಮ್ಮಿತು ಅಂತ ಐತಿಹ್ಯ ಇದೆ. ಈಗಲೂ ಅಲ್ಲಿಗೆ ಯಾತ್ರೆ ಹೋಗುತ್ತಾರೆ.

ಕರಾವಳಿಯಲ್ಲಿ ಅವರಿಗೆ ಹೊಳೆಗಿಂತ ದೊಡ್ಡ ಕಷ್ಟ ಒಂದಿತ್ತು, ಒಳಜಗಳ. ಇಲ್ಲಿನ ಕ್ರೈಸ್ತರ ಮೇಲೆ ಅಧಿಕಾರ ಯಾರದ್ದು ಅಂತ ಎರಡು ಪಕ್ಷ ಆಗಿತ್ತು. ಪೋಪ್ ನೇಮಿಸಿದ ಬಿಷಪ್ ತೋಮಸ್ ಡಿ ಕ್ಯಾಸ್ಟ್ರೋ ಒಂದು ಕಡೆ, ಪೋರ್ಚುಗಲ್ ರಾಜನ ಹಕ್ಕು ಹಿಡಿದಿದ್ದ ಗೋವಾದವರು ಇನ್ನೊಂದು ಕಡೆ. ವಾಜ್ ಗೋವಾದವರು ಕಳಿಸಿದ ಮನುಷ್ಯ. ಇವರ ಹತ್ತಿರ ಪೂಜೆ ಮಾಡಿಸಿದರೆ ಅವರು ಸೇರಿಸುವುದಿಲ್ಲ, ಅವರ ಹತ್ತಿರ ಹೋದರೆ ಇವರು ಸೇರಿಸುವುದಿಲ್ಲ. ನಡುವೆ ಜನ ಹೈರಾಣಾದರು. ವಾಜ್ ತಾನೇ ಬಿಷಪ್ಪರ ಹತ್ತಿರ ಹೋಗಿ ತಗ್ಗಿ ಮಾತಾಡಿದರು. ರೋಮಿನಿಂದ ಸ್ಪಷ್ಟ ತೀರ್ಪು ಬರುವವರೆಗೆ ಜನರಿಗೆ ತೊಂದರೆ ಆಗದ ಹಾಗೆ ಒಂದು ಒಪ್ಪಂದಕ್ಕೆ ಬಂದರು. ಇದರಿಂದ ಅವರ ಪಕ್ಷದವರಿಗೇ ಪೂರ್ತಿ ಸಂತೋಷ ಆಗಿರಲಿಕ್ಕಿಲ್ಲ. ಜಗಳದಲ್ಲಿ ಮೊದಲು ತಗ್ಗಿದವನನ್ನು ಹೇಡಿ ಅನ್ನುವುದು ನಮ್ಮ ಊರಲ್ಲೂ ಇದೆ ತಾನೆ!

1684ರಲ್ಲಿ ಗೋವಾಕ್ಕೆ ಮರಳಿದರು. ಅಲ್ಲಿ ಕೆಲವು ಗೋವಾದ ಪಾದ್ರಿಗಳು ಒಟ್ಟಾಗಿ ಬಾಳಲು ಒಂದು ಸಂಘ ಕಟ್ಟುತ್ತಿದ್ದರು. ಯೂರೋಪಿಯನರ ದೊಡ್ಡ ಸಂಘಗಳು ಆ ಕಾಲದಲ್ಲಿ ನಮ್ಮ ದೇಶದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ತಮ್ಮದೇ ಅಂತ ಒಂದು ಮಾಡಿಕೊಂಡರು. ಅದಕ್ಕೆ ಒರೆಟರಿ ಅಂತ ಹೆಸರು. 1685ರಲ್ಲಿ ವಾಜ್ ಅದನ್ನು ಸೇರಿದರು, ಉಳಿದವರು ಅವರನ್ನೇ ಹಿರಿಯನನ್ನಾಗಿ ಆರಿಸಿದರು. ಅಲ್ಲೇ ಇದ್ದಿದ್ದರೆ ಗೌರವದಿಂದ ಮುದುಕರಾಗಬಹುದಿತ್ತು. ಅವರು ಮರುವರ್ಷವೇ ಹಿರಿತನ ಬಿಟ್ಟು ಹೊರಟರು. ಜೊತೆಗೆ ಜಾನ್ ಎಂಬ ಸೇವಕ. ಕೆನರಾ ಕರಾವಳಿ, ಕೇರಳ ದಾಟಿ ತಮಿಳುನಾಡಿನ ತೂತುಕುಡಿ ಸೇರಿದರು.

ಸಿಂಹಳಕ್ಕೆ ಪಾದ್ರಿಯ ನಿಲುವಂಗಿ ಹಾಕಿಕೊಂಡು ಹೋದರೆ ಹಡಗು ಇಳಿಯುವ ಮೊದಲೇ ಹಿಡಿಯುತ್ತಾರೆ. ಆದ್ದರಿಂದ ವಾಜ್ ಕೂಲಿಯವನ ಹಾಗೆ ಸೊಂಟಕ್ಕೆ ಒಂದು ತುಂಡು ಬಟ್ಟೆ ಸುತ್ತಿಕೊಂಡರು. 1687ರಲ್ಲಿ ದೋಣಿ ಹತ್ತಿದರು. ಇದನ್ನು ಮಾರುವೇಷ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಪಾದ್ರಿ ಸುಳ್ಳು ವೇಷ ಹಾಕಬಹುದಾ ಅಂತ ಕೇಳುವವರೂ ಇದ್ದಾರೆ. ನನಗೆ ಅನಿಸುವುದು, ಅದು ಪೂರ್ತಿ ವೇಷವೇ ಅಲ್ಲ. ಹತ್ತು ವರ್ಷದಿಂದ ಬರಿಗಾಲಲ್ಲಿ ನಡೆದು ಅಂಗಾಲು ದಪ್ಪ ಆಗಿತ್ತು, ಮೈ ಬಿಸಿಲಿಗೆ ಕಪ್ಪಾಗಿತ್ತು, ಸಿಕ್ಕಿದ್ದನ್ನು ತಿಂದು ಸಿಕ್ಕಲ್ಲಿ ಮಲಗುವ ಅಭ್ಯಾಸ ಇತ್ತು. ಬೇರೆ ಯಾವ ಪಾದ್ರಿ ಆ ಬಟ್ಟೆ ಹಾಕಿದ್ದರೂ ನಡಿಗೆ ನೋಡಿಯೇ ಸಿಕ್ಕಿಬೀಳುತ್ತಿದ್ದ. ಇವರನ್ನು ಮಾತ್ರ ಕೂಲಿ ಅಂತ ಜನ ನಂಬಿದರು. ಅಂದರೆ ಸಿಂಹಳದ ಬಾಗಿಲು ತೆಗೆಯುವ ಬೀಗದ ಕೈ ಅವರು 1676ರಲ್ಲೇ, ಜೋಡು ಬಿಟ್ಟ ದಿವಸವೇ, ಗೊತ್ತಿಲ್ಲದೆ ಮಾಡಿಸಿಕೊಂಡಿದ್ದರು.

ದೋಣಿ ಬಿರುಗಾಳಿಗೆ ಸಿಕ್ಕಿ ಎಲ್ಲೋ ಹೋಗಿ, ಕೊನೆಗೆ ಯಾಳ್ಪಾಣ, ಅಂದರೆ ಜಾಫ್ನಾ, ಸೇರಿದಾಗ ವಾಜ್ ಅವರಿಗೆ ವಿಪರೀತ ಆಮಶಂಕೆ. ಬದುಕಿದ್ದೇ ಹೆಚ್ಚು. ಸ್ವಲ್ಪ ಏಳುವ ಹಾಗಾದ ಮೇಲೆ ಭಿಕ್ಷೆಗೆ ಹೊರಟರು. ಕೊರಳಿಗೆ ಒಂದು ಜಪಮಾಲೆ ಹಾಕಿಕೊಂಡಿದ್ದರು. ಅದು ಕಥೋಲಿಕರ ಗುರುತು. ಮನೆಮನೆ ಬಾಗಿಲಲ್ಲಿ ನಿಂತು, ಜಪಮಾಲೆ ನೋಡಿ ಯಾರ ಮುಖದಲ್ಲಿ ಏನು ಬದಲಾವಣೆ ಆಗುತ್ತದೆ ಅಂತ ನೋಡುತ್ತಿದ್ದರು. ಕೆಲವರು ಹೆದರಿದರು, ಕೆಲವರು ಬಾಗಿಲು ಹಾಕಿದರು. ಕೊನೆಗೆ ಒಂದು ಮನೆಯವರ ಕಣ್ಣಲ್ಲಿ ಗುರುತು ಹತ್ತಿತು. ಮೆಲ್ಲಗೆ ಮಾತು ತೆಗೆದು ತಾನು ಪಾದ್ರಿ ಅಂತ ಹೇಳಿದರು. ಹೆಚ್ಚುಕಡಿಮೆ ಮೂವತ್ತು ವರ್ಷದಿಂದ ಆ ಜನ ಒಬ್ಬ ಗುರುವನ್ನು ಕಂಡಿರಲಿಲ್ಲ. ಬಂದ ಗುರು ಬಾಗಿಲಲ್ಲಿ ಭಿಕ್ಷಾಪಾತ್ರೆ ಹಿಡಿದು ನಿಂತಿದ್ದ!

ಆಮೇಲೆ ಸಿಲ್ಲಾಲೈ ಎಂಬ ಹಳ್ಳಿಯನ್ನು ನೆಲೆ ಮಾಡಿಕೊಂಡರು. ಹಗಲು ಅಡಗಿರುವುದು, ರಾತ್ರಿ ಪೂಜೆ. ಸುದ್ದಿ ಡಚ್ಚರಿಗೆ ಹೋಗದೆ ಇರುತ್ತದಾ? 1689ರ ಕ್ರಿಸ್ಮಸ್ ರಾತ್ರಿ ಸೈನಿಕರು ಮುತ್ತಿದರು. ಕೂಡಿದ್ದ ಜನರನ್ನು ಹಿಡಿದರು, ಕೆಲವರಿಗೆ ಚಾಟಿ ಏಟು ಬಿತ್ತು. ವಾಜ್ ಮಾತ್ರ ಕೈಗೆ ಸಿಗಲಿಲ್ಲ. ತನ್ನ ಸಲುವಾಗಿ ಬೇರೆಯವರು ಏಟು ತಿಂದದ್ದು ಅವರನ್ನು ಎಷ್ಟು ಸುಟ್ಟಿರಬೇಕು ಅಂತ ನಾವೇ ಊಹಿಸಿಕೊಳ್ಳಬೇಕು. 1690ರಲ್ಲಿ ಅವರು ಡಚ್ಚರ ಕೈಗೆ ಸಿಗದ ಪುತ್ತಳಂಗೆ ಹೋದರು. ಅದು ಕ್ಯಾಂಡಿಯ ರಾಜನ ಸೀಮೆ.

ಕ್ಯಾಂಡಿ ಬೆಟ್ಟದ ಊರು. ಮಳೆ, ಮಂಜು, ಕಾಡು, ಏರಿಳಿತದ ದಾರಿ, ನಮ್ಮ ಊರಿನ ಹಾಗೇ ಅನ್ನಿ. ರಾಜ ಎರಡನೇ ವಿಮಲಧರ್ಮಸೂರ್ಯ ಬೌದ್ಧ. 1692ರಲ್ಲಿ ವಾಜ್ ಅಲ್ಲಿಗೆ ಹೋದಾಗ, ಇವನು ಪೋರ್ಚುಗೀಸರ ಗೂಢಚಾರ ಅಂತ ಯಾರೋ ರಾಜನ ಕಿವಿಯಲ್ಲಿ ಹಾಕಿದರು. ವಾಜ್, ಜಾನ್ ಇಬ್ಬರೂ ಸೆರೆಮನೆ ಸೇರಿದರು. ಅಲ್ಲಿ ಅವರು ಸುಮ್ಮನೆ ಕೂರಲಿಲ್ಲ, ಸಿಂಹಳ ಭಾಷೆ ಕಲಿತರು. ತಮಿಳನ್ನು ಮೊದಲೇ ಕಲಿತಿದ್ದರು. ಕಾವಲು ಸಡಿಲ ಆದ ಮೇಲೆ ಅಲ್ಲೇ ಒಂದು ಗುಡಿಸಲು ಕಟ್ಟಿ ಅದನ್ನೇ ಇಗರ್ಜಿ ಮಾಡಿಕೊಂಡರು. ಗೋವಾದ ದೊಡ್ಡ ದೇವಾಲಯಗಳಲ್ಲಿ ಪ್ರವಚನ ಮಾಡಿದ ಮನುಷ್ಯನಿಗೆ ಈಗ ಜೈಲಿನ ಗುಡಿಸಲು.

ಆ ವರ್ಷಗಳಲ್ಲೇ ಒಮ್ಮೆ ಕ್ಯಾಂಡಿಯಲ್ಲಿ ಘೋರ ಬರ ಬಂತು. ಎಲ್ಲ ಪ್ರಾರ್ಥನೆ ಆದ ಮೇಲೆ ರಾಜ ಇವರನ್ನೂ ಕೇಳಿಕೊಂಡ. ಇವರು ಬಯಲಲ್ಲಿ ಶಿಲುಬೆ ನಿಲ್ಲಿಸಿ ಮೊಣಕಾಲೂರಿದರು, ಮಳೆ ಸುರಿಯಿತು, ಅವರಿದ್ದ ಜಾಗ ಮಾತ್ರ ನೆನೆಯಲಿಲ್ಲ ಅಂತ ಕಥೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ರಾಜ ಅವರನ್ನು ಬಿಟ್ಟು, ತನ್ನ ಸೀಮೆಯಲ್ಲಿ ಓಡಾಡಲು ಅಪ್ಪಣೆ ಕೊಟ್ಟದ್ದಂತೂ ಹೌದು. ಇಲ್ಲಿ ಒಂದು ಮಾತು ಗಮನಿಸಬೇಕು. ಕ್ರೈಸ್ತ ಪಾದ್ರಿಯನ್ನು ಹಿಡಿಯಲು ತಿರುಗುತ್ತಿದ್ದವರು ಕ್ರೈಸ್ತರು, ಅವನಿಗೆ ನೆರಳು ಕೊಟ್ಟವನು ಬೌದ್ಧ ರಾಜ.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ನಮ್ಮಲ್ಲಿ ಯಾರೂ ಸಿಡುಬು ನೋಡಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಪ್ರಪಂಚದಿಂದಲೇ ಹೋಯಿತು ಅಂತ ಘೋಷಿಸಿತು. ನಮ್ಮ ಅಜ್ಜಿಯಂದಿರು ಮಾತ್ರ ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅಮ್ಮ ಅಂತಾರೆ, ಅಷ್ಟು ಭಯ. ಆಗ ಔಷಧಿ ಇಲ್ಲ, ಲಸಿಕೆ ಇಲ್ಲ. ರಾಜ ಪರಿವಾರ ಸಮೇತ ಊರು ಬಿಟ್ಟ. ಅನುಕೂಲ ಇದ್ದವರೂ ಹೋದರು. ರೋಗ ಬಂದವರನ್ನು ಮನೆಯವರೇ ಹೊರಗೆ, ದಾರಿಯಲ್ಲಿ, ಕಾಡಿನ ಅಂಚಲ್ಲಿ ಬಿಟ್ಟು ಹೋಗುತ್ತಿದ್ದರು.

ಅಷ್ಟು ಹೊತ್ತಿಗೆ ಗೋವಾದಿಂದ ಇನ್ನಿಬ್ಬರು ಒರೆಟರಿ ಪಾದ್ರಿಗಳು ಸಹಾಯಕ್ಕೆ ಬಂದಿದ್ದರು. ಅವರಲ್ಲಿ ಒಬ್ಬರು ಜೋಸೆಫ್ ಕಾರ್ವಾಲ್ಹೊ, ವಾಜ್ ಅವರ ಸಂಬಂಧದಲ್ಲಿ ಸೋದರಳಿಯ. ಮಾವ ಅಳಿಯ ಇಬ್ಬರೂ ಊರಲ್ಲೇ ಉಳಿದರು. ದಾರಿಯಲ್ಲಿ ಬಿದ್ದವರನ್ನು ಎತ್ತಿ ತಂದರು. ಗುಡಿಸಲು ಹಾಕಿದರು, ಖಾಲಿ ಬಿದ್ದ ಮನೆಗಳನ್ನು ಆಸ್ಪತ್ರೆ ಮಾಡಿದರು. ಸಿಡುಬಿನ ಗುಳ್ಳೆ ಒಡೆದು ಮೈಯೆಲ್ಲ ಹುಣ್ಣಾದವರನ್ನು ಕೈಯಾರೆ ತೊಳೆದರು, ಅನ್ನ ಬೇಯಿಸಿ ಉಣಿಸಿದರು. ಸತ್ತವರಿಗೆ ಗುಂಡಿ ತೋಡಿ ಮಣ್ಣು ಮಾಡಿದರು. ಬಿದ್ದವನು ಕ್ರೈಸ್ತನೋ ಬೌದ್ಧನೋ ಅಂತ ವಿಚಾರಿಸಲಿಲ್ಲ. ಇದು ಒಂದು ದಿವಸ ಎರಡು ದಿವಸ ಅಲ್ಲ, ಸುಮಾರು ಒಂದು ವರ್ಷ. ನಮ್ಮ ಮನೆಯಲ್ಲಿ ಒಬ್ಬರಿಗೆ ವಾಂತಿ ಆದರೆ ಬಳಿಯಲು ಯಾರು ಮುಂದೆ ಬರುತ್ತಾರೆ ಅಂತ ಒಂದು ಸಲ ನೆನೆಸಿಕೊಂಡರೆ ಈ ಒಂದು ವರ್ಷದ ಅಂದಾಜು ಸಿಗುತ್ತದೆ. ಪ್ರವಚನ ಮಾಡಿ ಹತ್ತು ವರ್ಷದಲ್ಲಿ ಆಗದ್ದು ಇದರಿಂದ ಆಯಿತು. ಇವರು ಯಾರ ಗೂಢಚಾರರೂ ಅಲ್ಲ ಅಂತ ಇಡೀ ಕ್ಯಾಂಡಿಗೆ ಗೊತ್ತಾಯಿತು.

ಹೆಸರು ದೂರದೂರಕ್ಕೆ ಹೋಯಿತು. ಪೋಪ್ ಕಳಿಸಿದ ದೊಡ್ಡ ಪ್ರತಿನಿಧಿ ಟುರ್ನೊನ್ ಎಂಬವರು 1703ರ ಸುಮಾರಿಗೆ ಪಾಂಡಿಚೇರಿಗೆ ಬಂದಾಗ ವಾಜ್ ಅವರ ವಿಷಯ ಕೇಳಿ ಆಶ್ಚರ್ಯಪಟ್ಟರು. ಇವರನ್ನು ಸಿಂಹಳದ ಬಿಷಪ್ ಮಾಡಬೇಕು ಅಂತ ಮನಸ್ಸು ಮಾಡಿದರು. ವಾಜ್ ಬೇಡ ಅಂದರು. ಕೆಲವರು ಬೇಡ ಬೇಡ ಅಂದು ಎರಡನೇ ಸಲ ಕೇಳಲಿ ಅಂತ ಕಾಯುತ್ತಾರೆ, ನಮ್ಮ ತರಗತಿಯ ಲೀಡರ್ ಚುನಾವಣೆಯಲ್ಲೇ ನೋಡಿದ್ದೇವೆ. ಇವರದ್ದು ಹಾಗಲ್ಲ. ಇದರಲ್ಲಿ ವಿನಯದ ಜೊತೆ ಲೆಕ್ಕಾಚಾರವೂ ಇತ್ತು ಅಂತ ನನ್ನ ಅಭಿಪ್ರಾಯ. ಕೂಲಿ ಬಟ್ಟೆಯಲ್ಲಿ ಡಚ್ಚರ ಕಾವಲು ದಾಟಿ ಕೊಲಂಬೊ ಒಳಗೂ ಗುಟ್ಟಾಗಿ ಹೋಗಿ ಬರುತ್ತಿದ್ದರು. ಬಿಷಪ್ಪರ ಉಂಗುರ, ಕೋಲು, ಪರಿವಾರ ಬಂದ ಮೇಲೆ ಆ ದಾರಿ ಮುಚ್ಚಿಹೋಗುತ್ತಿತ್ತು. ಅದೂ ಅಲ್ಲದೆ ಅಧಿಕಾರಕ್ಕಾಗಿ ಪಾದ್ರಿಗಳು ಕಚ್ಚಾಡಿದ್ದನ್ನು ಅವರು ನಮ್ಮ ಮಂಗಳೂರಿನಲ್ಲಿ ಕಣ್ಣಾರೆ ಕಂಡಿದ್ದರು.

1705ರಲ್ಲಿ ಗೋವಾದಿಂದ ಜಾಕೊಮೆ ಗೊನ್ಸಾಲ್ವಿಸ್ ಎಂಬ ಕಿರಿಯ ಪಾದ್ರಿ ಬಂದರು. ಅವರಿಗೆ ಭಾಷೆಯ ಮೇಲೆ ಒಳ್ಳೇ ಹಿಡಿತ. ವಾಜ್ ತಾನೂ ಸಿಂಹಳ, ತಮಿಳಿನಲ್ಲಿ ಪ್ರಾರ್ಥನೆಗಳನ್ನು ಬರೆದಿದ್ದರು. ಆದರೆ ಈ ಹುಡುಗ ತನಗಿಂತ ಚೆನ್ನಾಗಿ ಬರೆಯಬಲ್ಲ ಅಂತ ಕಂಡ ಕೂಡಲೇ ಆ ಕೆಲಸವನ್ನು ಅವರಿಗೆ ಒಪ್ಪಿಸಿದರು. ಗೊನ್ಸಾಲ್ವಿಸ್ ಮುಂದೆ ಸಿಂಹಳ ಸಾಹಿತ್ಯದಲ್ಲಿ ದೊಡ್ಡ ಹೆಸರಾದರು. ಬಿಷಪ್ ಪದವಿ ಬಿಟ್ಟದ್ದಕ್ಕಿಂತ ನನಗೆ ಇದೇ ಹೆಚ್ಚು ಹಿಡಿಸಿತು. ಪದವಿ ಬಿಡಬಹುದು, ತನ್ನ ಕೈಯಾರೆ ಮಾಡುತ್ತಿದ್ದ ಕೆಲಸವನ್ನು ಕಿರಿಯನಿಗೆ ಬಿಟ್ಟುಕೊಡುವುದು ಕಷ್ಟ.

ಸಿಂಹಳಕ್ಕೆ ಬಂದ ಮೇಲೆ ಅವರು ಒಂದು ಸಲವೂ ಗೋವಾಕ್ಕೆ ಹೋಗಲಿಲ್ಲ. ಇಪ್ಪತ್ಮೂರು ವರ್ಷಕ್ಕೂ ಮೇಲೆ ಅಲ್ಲೇ ನಡೆದರು. ದೇಹ ಸೋತಿತು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಆಗ ಅವರಿಗೆ 59 ವರ್ಷ. ಹಿಂದಿನ ರಾಜನ ಮಗ ವೀರ ನರೇಂದ್ರಸಿಂಹ ಆಗ ಪಟ್ಟದಲ್ಲಿದ್ದ. ಒಬ್ಬರೇ ಬಂದ ದ್ವೀಪದಲ್ಲಿ ಈಗ ಅವರ ಸಂಘದ ಹಲವು ಪಾದ್ರಿಗಳಿದ್ದರು, ಊರೂರಲ್ಲಿ ಇಗರ್ಜಿಗಳು ಎದ್ದಿದ್ದವು.

1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾಲ್ ಕೊಲಂಬೊಗೆ ಬಂದು ಅವರನ್ನು ಪುನೀತರು ಅಂತ ಘೋಷಿಸಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ಕೊಲಂಬೊದ ಸಮುದ್ರ ದಂಡೆಯ ಬಯಲಲ್ಲಿ ಸಂತ ಪದವಿ ಕೊಟ್ಟರು. ಪ್ರತಿ ವರ್ಷ ಜನವರಿ 16 ಅವರ ಹಬ್ಬ. ಅವರನ್ನು ಮಣ್ಣು ಮಾಡಿದ್ದು ಕ್ಯಾಂಡಿಯ ಇಗರ್ಜಿಯಲ್ಲಿ. ಆ ಇಗರ್ಜಿ ಮುಂದೆ ಹಾಳಾಗಿ ಹೋಯಿತು. ಸಮಾಧಿ ಎಲ್ಲಿದೆ ಅಂತ ಹುಡುಕಿದರೂ ಈಗ ಸಿಗುವುದಿಲ್ಲ.